ತೂಬೆತ್ತುವುದೋ, ಏರಿ ಒಡೆಯುವುದೋ?

ಕೆರೆಗೆ ಏರಿ ಎಷ್ಟು ಅವಶ್ಯಕವೋ ತೂಬೂ ಅಷ್ಟೇ ಅವಶ್ಯಕ. ಏರಿಯಿಲ್ಲದಿದ್ದರೆ ನೀರು ನಿಲ್ಲದು. ತೂಬಿಲ್ಲದಿದ್ದರೆ ನಿಂತ ನೀರು ಗದ್ದೆಗೆ ಒದಗದು. ಆದುದರಿಂದಲೇ ನಮ್ಮ ಹಿರಿಯರು ಎರಡನ್ನೂ ಕಟ್ಟಿ, ತೂಬೆತ್ತುವ ಕೆಲಸವನ್ನು ನೀರುಗಂಟಿಗೆ ಒಪ್ಪಿಸಿ, ಊರವರೆಲ್ಲ ಕಾಣುವಂತೆ ನೀರು ಬಿಡುವ ಕಟ್ಟು ಮಾಡಿದರು. ಹಗಲಿನಲ್ಲಿ ತೂಬೆತ್ತಿದವನೂ ನೀರನ್ನೇ ಬಿಟ್ಟನು. ರಾತ್ರಿ ಏರಿಗೆ ಗುದ್ದಲಿ ಹಾಕಿದವನೂ ನೀರನ್ನೇ ಹರಿಸಿಕೊಂಡನು. ನೀರು ಎರಡು ಕಡೆಯೂ ಒಂದೇ. ಆದರೆ ಊರು ಉಳಿಯುವುದು ಒಬ್ಬನಿಂದ, ಮುಳುಗುವುದು ಇನ್ನೊಬ್ಬನಿಂದ.

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರ ನಡುವೆ ಬಹುಕಾಲದಿಂದ ನಡೆದಿರುವ ಒಂದು ವಾದಕ್ಕೆ ಈ ಏರಿ ತೂಬುಗಳ ಮಾತು ಚೆನ್ನಾಗಿ ಒಪ್ಪುತ್ತದೆ. ಸಿ, ಸಿ ಪ್ಲಸ್ ಪ್ಲಸ್, ಏಡಾ, ರಸ್ಟ್ ಮೊದಲಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರ ನೇರವಾಗಿ ಓದುವುದಿಲ್ಲ. ಕಂಪೈಲರು ಎಂಬ ಇನ್ನೊಂದು ಪ್ರೋಗ್ರಾಂ ಅದನ್ನು ಮೊದಲು ಪರೀಕ್ಷಿಸಿ, ಬಳಿಕ ಯಂತ್ರದ ನುಡಿಗೆ ಇಳಿಸುತ್ತದೆ. ಪರೀಕ್ಷಿಸುವಾಗ ಅದು ಕಾಯುವ ಕಾವಲು ಒಂದುಂಟು. ಅದನ್ನು ದಾಟುವ ಉಪಾಯವೂ ಉಂಟು. ಆ ಉಪಾಯವನ್ನು ಬಳಸಬಹುದೆ? ಬಳಸುವುದೇ ಜಾಣತನವೆನ್ನುವವರು ಕೆಲವರು. ಬಳಸುವುದೇ ಅಪರಾಧವೆನ್ನುವವರು ಕೆಲವರು. ಇಬ್ಬರೂ ಅರ್ಧ ಸತ್ಯವನ್ನಷ್ಟೇ ಹಿಡಿದಿದ್ದಾರೆಂಬುದು ನನ್ನ ಅಭಿಪ್ರಾಯ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಈ ವಿಷಯವೇತಕ್ಕೆ ಎಂದು ಮಿತ್ರರು ಕೇಳಬಹುದು. ಪಡಿತರದ ಚೀಟಿ, ಪಹಣಿ, ಪರೀಕ್ಷೆಯ ಅಂಕಪಟ್ಟಿ ಇವೆಲ್ಲ ಇಂದು ಗಣಕಯಂತ್ರದ ಮೂಲಕವೇ ನಮ್ಮ ಕೈಸೇರುತ್ತವೆ. ನಮ್ಮ ತಾಲ್ಲೂಕಿನಿಂದ ಪ್ರತಿವರ್ಷವೂ ತರುಣರು ಮೈಸೂರು ಬೆಂಗಳೂರುಗಳ ಕಂಪನಿಗಳಿಗೆ ಪ್ರೋಗ್ರಾಂ ಬರೆಯಲು ಹೋಗುತ್ತಿದ್ದಾರೆ. ಬರೆಯುವವರೂ ನಮ್ಮವರೇ, ಅದರ ಫಲವನ್ನು ಉಣ್ಣುವವರೂ ನಮ್ಮವರೇ. ಮೇಲಾಗಿ ಇದು ಯಂತ್ರದ ಪ್ರಶ್ನೆಯೆನ್ನುವುದಕ್ಕಿಂತ, ನಿಯಮವನ್ನು ಮೀರಬೇಕಾದಾಗ ಹೇಗೆ ಮೀರಬೇಕೆಂಬ ಪ್ರಶ್ನೆ. ಅದನ್ನು ಚರ್ಚಿಸಲು ಕಲಾವಿದ್ಯಾರ್ಥಿಗಳಿಗೂ ಅಧಿಕಾರವುಂಟು.

ಮೊದಲು ಆ ಕಾವಲು ಯಾವುದೆಂದು ತಿಳಿಯೋಣ. ಯಂತ್ರದ ಸ್ಮೃತಿಯೆಂದರೆ ಬೈಟು ಎಂಬ ಪುಟ್ಟ ಗೂಡುಗಳ ಉದ್ದನೆಯ ಸಾಲು. ಒಂದೊಂದು ಗೂಡಿಗೂ ಒಂದು ವಿಳಾಸ. ಗೂಡಿನೊಳಗೆ 0 ಯಿಂದ 255 ರವರೆಗಿನ ಒಂದು ಸಂಖ್ಯೆಯಿರುತ್ತದೆ, ಅಷ್ಟೆ. ಅದು ಅಕ್ಷರವೋ, ಸಂಬಳದ ಮೊತ್ತವೋ, ಚಿತ್ರದ ಬಣ್ಣವೋ ಎಂಬುದು ಗೂಡಿನ ಮೇಲೆ ಬರೆದಿಲ್ಲ. ಓದುವವನು ಏನೆಂದು ಓದುತ್ತಾನೋ ಅದೇ ಅದರ ಅರ್ಥ.

ಇದರ ಫಲವನ್ನು ನಮ್ಮ ಅಚ್ಚುಕೂಟಗಳಲ್ಲಿಯೂ ಕಚೇರಿಗಳಲ್ಲಿಯೂ ಕೆಲಸಮಾಡಿದವರೆಲ್ಲ ಬಲ್ಲರು. ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ರೂಢಿಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಪೀಠದ ಮೇಲೆಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದರು. ಆ ಫಾಂಟು ಇರುವ ಯಂತ್ರದಲ್ಲಿ ಕಡತವನ್ನು ತೆರೆದರೆ ಸೊಗಸಾದ ಕನ್ನಡ. ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಬೈಟುಗಳು ಎರಡು ಕಡೆಯೂ ಒಂದೇ. ಓದಿದ ರೀತಿ ಬೇರೆ. ಆ ಕಾಲದಲ್ಲಿ ಅದಕ್ಕಿಂತ ಸುಲಭವಾದ ದಾರಿ ಇರಲಿಲ್ಲ. ಆ ತಂತ್ರಾಂಶಗಳಿಂದ ಕನ್ನಡಕ್ಕೆ ಆದ ಉಪಕಾರವೂ ದೊಡ್ಡದು. ಆದರೆ ಬೈಟಿಗೆ ತನ್ನ ಅರ್ಥ ತನಗೇ ತಿಳಿಯದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡಿಗರಿಗೆ ಬೇಕಿಲ್ಲ.

ಈ ಗೊಂದಲವನ್ನು ತಪ್ಪಿಸಲೆಂದೇ ಪ್ರೋಗ್ರಾಂ ಭಾಷೆಗಳು ಒಂದೊಂದು ಪದಾರ್ಥಕ್ಕೂ ಒಂದು ‘ಟೈಪು’ ಇರಬೇಕೆಂದು ವಿಧಿಸುತ್ತವೆ. ಅದನ್ನು ಇಲ್ಲಿ ‘ಬಗೆ’ ಎಂದು ಕರೆಯುತ್ತೇನೆ. ಇದು ಪೂರ್ಣಾಂಕ, ಇದು ದಶಮಾಂಶವಿರುವ ಸಂಖ್ಯೆ, ಇದು ಅಕ್ಷರಗಳ ಸಾಲು ಎಂದು ಮೊದಲೇ ಘೋಷಿಸಿಬಿಟ್ಟರೆ, ಅಕ್ಷರವನ್ನು ಸಂಬಳಕ್ಕೆ ಕೂಡಿಸಹೊರಟಾಗ ಕಂಪೈಲರು ತಡೆಯುತ್ತದೆ. ಭತ್ತದ ಚೀಲಕ್ಕೂ ರಾಗಿಯ ಚೀಲಕ್ಕೂ ಬೇರೆ ಬೇರೆ ಚೀಟಿ ಕಟ್ಟಿ, ಗಿರಣಿಯ ಬಾಗಿಲಿನಲ್ಲಿ ಚೀಟಿ ನೋಡಿ ಒಳಗೆ ಬಿಡುವಂತಹ ವ್ಯವಸ್ಥೆಯಿದು. ಇದೇ ಬಗೆಯ ಕಾವಲು.

ಇನ್ನು ಪಾಯಿಂಟರೆಂದರೆ ಕೈಮರ. ಕೂಡುದಾರಿಯಲ್ಲಿ ‘ಚುಂಚನಕಟ್ಟೆಗೆ’ ಎಂದು ಬೆರಳು ತೋರುವ ಕೈಮರ ತಾನೇ ಚುಂಚನಕಟ್ಟೆಯಲ್ಲ. ಅಲ್ಲಿಗೆ ದಾರಿ ತೋರುವ ಗುರುತು ಮಾತ್ರ. ಹಾಗೆಯೇ ಪಾಯಿಂಟರಿನಲ್ಲಿರುವುದು ಪದಾರ್ಥವಲ್ಲ, ಅದರ ವಿಳಾಸ. ಕಾವಲಿರುವ ಭಾಷೆಯಲ್ಲಿ ಈ ವಿಳಾಸದೊಡನೆ ಅಲ್ಲಿರುವುದು ಯಾವ ಬಗೆ, ಎಷ್ಟು ಉದ್ದ, ಇನ್ನೂ ಇದೆಯೋ ಇಲ್ಲವೋ ಎಂಬ ಲೆಕ್ಕವನ್ನು ಯಾರಾದರೂ ಇಟ್ಟುಕೊಂಡಿರುತ್ತಾರೆ. ಬರಿಯ ಪಾಯಿಂಟರಿನಲ್ಲಿ ಆ ಲೆಕ್ಕವಿಲ್ಲ. ಬಗೆಯ ಹೆಸರೊಂದು ಇದ್ದರೂ ಅದನ್ನು ಒಂದು ಸಣ್ಣ ಗುರುತಿನಿಂದ ಬದಲಿಸಿಬಿಡಬಹುದು. ‘ಕಾಸ್ಟ್’ ಎಂದು ಕರೆಯುವುದು ಇದನ್ನೇ.

ಬದಲಿಸಿದರೆ ಏನಾಗುತ್ತದೆ? ದಶಮಾಂಶದ ಬಗೆಯಲ್ಲಿ ‘ಒಂದು’ ಎಂದು ನಾಲ್ಕು ಬೈಟುಗಳಲ್ಲಿ ಬರೆದಿಟ್ಟು, ಅದರ ವಿಳಾಸವನ್ನು ಪೂರ್ಣಾಂಕದ ವಿಳಾಸವೆಂದು ಹೇಳಿ ಓದಿಸಿದರೆ ಇಂದಿನ ಸಾಮಾನ್ಯ ಯಂತ್ರಗಳಲ್ಲಿ 1,06,53,53,216 ಎಂದು ಬರುತ್ತದೆ. ಒಂದು ರೂಪಾಯಿ ನೂರು ಕೋಟಿಯನ್ನೂ ಮೀರಿತು. ಯಂತ್ರ ಕೆಡಲಿಲ್ಲ, ಗಂಟೆ ಬಾರಿಸಲಿಲ್ಲ. ಹೇಳಿದಂತೆ ಓದಿತು.

ಇನ್ನೊಂದು ಲೆಕ್ಕವನ್ನು ವಾಚಕರು ಕೈಯಲ್ಲಿಯೇ ಮಾಡಬಹುದು. ಊರಿನ ಹೆಸರನ್ನು ಬರೆದಿಡಲು ಒಬ್ಬನು ಸಿ ಭಾಷೆಯಲ್ಲಿ 20 ಬೈಟುಗಳ ಪೆಟ್ಟಿಗೆಯನ್ನು ಮಾಡುತ್ತಾನೆಂದಿಟ್ಟುಕೊಳ್ಳಿ. ಕೃಷ್ಣರಾಜನಗರವನ್ನು ಇಂಗ್ಲಿಷಿನಲ್ಲಿ ಬರೆದರೆ 17 ಅಕ್ಷರ, ಮುಗಿಯಿತೆಂಬ ಗುರುತಿಗೆ ಒಂದು, ಒಟ್ಟು 18 ಬೈಟು. ಪೆಟ್ಟಿಗೆ ಸಾಕು. ಅದೇ ಹೆಸರನ್ನು ಕನ್ನಡದಲ್ಲಿ ಬರೆದರೆ ಸ್ವರಚಿಹ್ನೆ ಒತ್ತುಗಳೂ ಸೇರಿ 11 ಯೂನಿಕೋಡ್ ಸಂಕೇತಗಳಾಗುತ್ತವೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಕ’ ಎಂಬ ಒಂದೇ ಅಕ್ಷರ 224, 178, 149 ಎಂಬ ಮೂರು ಗೂಡುಗಳಲ್ಲಿ ಕೂರುತ್ತದೆ. ಹೀಗೆ ನಮ್ಮ ಊರಿನ ಹೆಸರಿಗೆ 33, ಕೊನೆಯ ಗುರುತಿಗೆ ಒಂದು, ಒಟ್ಟು 34 ಬೈಟು ಬೇಕು. ಚಿಕ್ಕ ಹೆಸರಾದ ಹುಣಸೂರಿಗೂ 22 ಬೇಕು. ಸಿ ಭಾಷೆಯಲ್ಲಿ ಅಕ್ಷರಸಾಲನ್ನು ನಕಲು ಮಾಡುವ ಹಳೆಯ ಸಾಧನಕ್ಕೆ ಎರಡು ಬರಿಯ ವಿಳಾಸಗಳನ್ನು ಮಾತ್ರ ಕೊಡುತ್ತೇವೆ: ಎಲ್ಲಿಂದ, ಎಲ್ಲಿಗೆ. ಪೆಟ್ಟಿಗೆ ಎಷ್ಟು ದೊಡ್ಡದೆಂದು ಅದು ಕೇಳುವುದಿಲ್ಲ. ಹೆಚ್ಚಾದ 14 ಬೈಟುಗಳನ್ನು ಪಕ್ಕದ ಗೂಡುಗಳ ಮೇಲೆ ಬರೆದುಬಿಡುತ್ತದೆ. ಪಕ್ಕದಲ್ಲಿ ಯಾರ ಜನ್ಮದಿನಾಂಕವಿತ್ತೋ, ಯಾರ ಮೊತ್ತವಿತ್ತೋ! ಇಂಗ್ಲಿಷಿನ ಹೆಸರುಗಳಿಂದ ಪರೀಕ್ಷಿಸಿ ಸರಿಯೆಂದ ಪ್ರೋಗ್ರಾಂ ಕನ್ನಡಿಗನು ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಬರೆದೊಡನೆ ಕೆಡುತ್ತದೆ. ಅಪಾಯ ನಮ್ಮಿಂದ ಎಷ್ಟು ದೂರವಿದೆಯೆಂದು ಈಗ ಹೇಳಿ.

ಮೂರನೆಯ ಅಪಾಯವನ್ನು ತಿಳಿಯಲು ನಮ್ಮ ಪಟ್ಟಣದ ಚರಿತ್ರೆಯೇ ಸಾಕು. ಕಾವೇರಿಯ ದಡದಲ್ಲಿದ್ದ ಹಳೆಯ ಎಡತೊರೆ ಪ್ರವಾಹಕ್ಕೆ ತುತ್ತಾಗುತ್ತಿದ್ದುದರಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಹೊಸ ಪಟ್ಟಣವನ್ನು ಕಟ್ಟಿ, ಅವರ ಹೆಸರನ್ನಿಟ್ಟರು. ಅರ್ಕೇಶ್ವರನ ಗುಡಿ ಹಳೆಯ ಸ್ಥಳದಲ್ಲಿಯೇ ಉಳಿಯಿತು. ಒಕ್ಕಲು ಇತ್ತ ಬಂದಿತು. ಒಬ್ಬನು ಹಳೆಯ ಎಡತೊರೆಯ ಮನೆಯ ವಿಳಾಸವನ್ನು ಹಿಡಿದುಕೊಂಡು, ಊರು ಬದಲಾದುದನ್ನು ತಿಳಿಯದೆ ಹೋದನೆನ್ನಿ. ವಿಳಾಸದಲ್ಲಿ ತಪ್ಪಿಲ್ಲ, ಮನೆಯಿಲ್ಲ. ಅಥವಾ ಆ ಸ್ಥಳದಲ್ಲಿ ಬೇರೆಯವರಿದ್ದಾರೆ. ಇವನು ತಂದ ಹಣವನ್ನು ಅವರ ಕೈಗೆ ಕೊಟ್ಟುಬರುತ್ತಾನೆ. ಸ್ಮೃತಿಯಲ್ಲಿ ಒಂದು ಜಾಗವನ್ನು ಬಿಟ್ಟುಕೊಟ್ಟ ಮೇಲೆಯೂ ಅದರ ಬರಿಯ ವಿಳಾಸವನ್ನು ಇಟ್ಟುಕೊಂಡು ಮತ್ತೆ ಬಳಸುವುದು ಇಂತಹದೇ. ಪ್ರೋಗ್ರಾಂಗಳೊಳಗೆ ಕಳ್ಳದಾರಿ ಹುಡುಕುವವರು ಬಹಳವಾಗಿ ಬಯಸುವ ತಪ್ಪುಗಳಲ್ಲಿ ಇದೂ ಒಂದು.

‘ನನ್ನ ಯಂತ್ರದಲ್ಲಿ ಸರಿಯಾಗಿ ನಡೆಯಿತಲ್ಲ’ ಎಂಬ ಉತ್ತರ ಇಲ್ಲಿ ಸಲ್ಲದು. ಬೇರೆ ಬೇರೆ ಬಗೆಯ ಪಾಯಿಂಟರುಗಳು ಒಂದೇ ಪದಾರ್ಥವನ್ನು ತೋರಲಾರವೆಂದು ಸಿ ಭಾಷೆಯ ಕಂಪೈಲರು, ಕೆಲವು ವಿನಾಯಿತಿಗಳನ್ನು ಬಿಟ್ಟು, ನಂಬಿಕೊಂಡಿರುತ್ತದೆ. ಆ ನಂಬಿಕೆಯ ಮೇಲೆ ಅದು ಕೆಲವು ಓದುವಿಕೆಗಳನ್ನು ಬಿಟ್ಟುಬಿಡುತ್ತದೆ. ಕೆಲವು ಕೆಲಸಗಳ ಕ್ರಮವನ್ನು ಬದಲಿಸುತ್ತದೆ. ಬರೆದವನು ಆ ನಂಬಿಕೆಯನ್ನು ಮೊದಲೇ ಮುರಿದಿದ್ದರೆ, ಪ್ರಯೋಗಶಾಲೆಯಲ್ಲಿ ಸರಿಯಾಗಿದ್ದ ಪ್ರೋಗ್ರಾಂ ವೇಗಕ್ಕೆಂದು ಮತ್ತೆ ಕಂಪೈಲು ಮಾಡಿದಾಗ ತಪ್ಪು ಉತ್ತರ ಕೊಡಬಹುದು. ಮುರಿದ ಮಾತು ಎಂದು ಹೊರಬೀಳುತ್ತದೆಂದು ಹೇಳಲಾಗದು.

ಇದು ಪುಸ್ತಕದ ಹುಲಿಯೆಂದು ಯಾರೂ ಭಾವಿಸಬಾರದು. 2024ರ ಜುಲೈ 19 ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ ತನ್ನ ರಕ್ಷಣಾ ತಂತ್ರಾಂಶಕ್ಕೆ ಒಂದು ಸಣ್ಣ ತಿದ್ದುಪಡಿಯನ್ನು ಕಳುಹಿಸಿತು. ಅದರ ಹೊಸ ನಿಯಮ 21 ಅಂಶಗಳನ್ನು ಓದಬೇಕೆಂದಿತು. ಯಂತ್ರದಲ್ಲಿದ್ದ ಪ್ರೋಗ್ರಾಂ ಒದಗಿಸಿದ್ದುದು 20 ಮಾತ್ರ. ಇಪ್ಪತ್ತೊಂದನೆಯದನ್ನು ಹುಡುಕಿ ಸಾಲಿನ ಆಚೆಗೆ ಕೈಚಾಚಿದೊಡನೆ ಯಂತ್ರ ನಿಂತಿತು. ಆ ಪ್ರೋಗ್ರಾಂ ವಿಂಡೋಸಿನ ತಿರುಳಿನೊಳಗೇ ಓಡುತ್ತಿದ್ದುದರಿಂದ ಇಡೀ ಯಂತ್ರವೇ ನಿಂತಿತು. ತಿದ್ದುಪಡಿಯನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕೆಟ್ಟುಹೋಗಿದ್ದವು. ಆಸ್ಪತ್ರೆ, ಬ್ಯಾಂಕು, ವಿಮಾನ ಸಂಚಾರಗಳೆಲ್ಲ ಅಸ್ತವ್ಯಸ್ತವಾದವು. ಆ ದಿನ ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿ ಕೊಟ್ಟರು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿಯೂ ಜನ ಸಾಲುಗಟ್ಟಿ ಕಾದರು. ಇಪ್ಪತ್ತಕ್ಕೂ ಇಪ್ಪತ್ತೊಂದಕ್ಕೂ ಇರುವ ಅಂತರವನ್ನು ಕೇಳುವ ಕಾವಲು ಆ ಒಂದು ಸ್ಥಳದಲ್ಲಿ ಇರಲಿಲ್ಲ.

ಇದು ಒಂಟಿ ಘಟನೆಯೂ ಅಲ್ಲ. ತನ್ನ ತಂತ್ರಾಂಶಗಳಲ್ಲಿ ವರ್ಷವರ್ಷವೂ ಕಂಡುಬರುವ ಭದ್ರತಾದೋಷಗಳಲ್ಲಿ ಸುಮಾರು 70 ಭಾಗ ಇಂತಹ ಸ್ಮೃತಿದೋಷಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಕ್ರೋಮ್ ತಂತ್ರಾಂಶದ ಗಂಭೀರ ದೋಷಗಳ ಬಗ್ಗೆ ಗೂಗಲ್ 2020ರಲ್ಲಿ ಹೇಳಿದ ಪ್ರಮಾಣವೂ ಹೆಚ್ಚುಕಡಮೆ ಅಷ್ಟೇ.

ಹೀಗಿರುವಾಗ ಬರಿಯ ಪಾಯಿಂಟರನ್ನು ನಿಷೇಧಿಸಿಬಿಡಬಾರದೆ? ಬಾರದು. ಎರಡನೆಯ ಪಕ್ಷದವರ ಅರ್ಧಸತ್ಯ ಇಲ್ಲಿ ಬಯಲಾಗುತ್ತದೆ. ಯಂತ್ರಕ್ಕೆ ಜೋಡಿಸಿದ ಒಂದು ಸಾಧನಕ್ಕೆ ಅಪ್ಪಣೆ ಕೊಡಬೇಕಾದರೆ ಇಂಥ ವಿಳಾಸದಲ್ಲಿ ಇಂಥ ಸಂಖ್ಯೆಯನ್ನು ಬರೆಯೆಂದೇ ಹೇಳಬೇಕಾಗುತ್ತದೆ. ಆ ವಿಳಾಸದಲ್ಲಿ ಯಾವ ಬಗೆಯಿದೆಯೆಂದು ಕಂಪೈಲರಿಗೆ ತಿಳಿಯುವ ಮಾರ್ಗವಿಲ್ಲ. ಸ್ಮೃತಿಯನ್ನು ಹಂಚುವ ಪ್ರೋಗ್ರಾಮೇ ಬರಿಯ ಗೂಡುಗಳಿಂದ ಆರಂಭಿಸಬೇಕು. ಒಂದು ಭಾಷೆಯಲ್ಲಿ ಬರೆದುದು ಇನ್ನೊಂದು ಭಾಷೆಯಲ್ಲಿ ಬರೆದುದರೊಡನೆ ಮಾತನಾಡಬೇಕಾದರೆ ನಡುವೆ ಬರಿಯ ವಿಳಾಸಗಳೇ ದೂತರು. ಎಲ್ಲ ಕಾವಲುಗಳ ಕೆಳಗೂ ಎಲ್ಲಿಯೋ ಒಂದು ಕಡೆ ಕಾವಲಿಲ್ಲದ ನೆಲವಿದ್ದೇ ಇರುತ್ತದೆ.

ಕನ್ನಡಕ್ಕೆ ಹತ್ತಿರವಾದ ಒಂದು ನಿದರ್ಶನವನ್ನು ಕೊಡುತ್ತೇನೆ. ‘ಕೃಷ್ಣ’ ಎಂದು ಬರೆದಾಗ ಷಕಾರದ ಕೆಳಗೆ ಣಕಾರದ ಒತ್ತು ಬಂದು ಕೂರಬೇಕಷ್ಟೆ. ಯೂನಿಕೋಡಿನಲ್ಲಿ ಇರುವುದು ಷ, ವಿರಾಮಚಿಹ್ನೆ, ಣ ಎಂಬ ಮೂರು ಬಿಡಿ ಸಂಕೇತಗಳು. ಅವನ್ನು ಒತ್ತಕ್ಷರವಾಗಿ ಜೋಡಿಸುವ ಕೆಲಸವನ್ನು ಆಂಡ್ರಾಯ್ಡ್ ಫೋನುಗಳಲ್ಲಿಯೂ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿಯೂ ಹಾರ್ಫ್‌ಬಜ್ ಎಂಬ ಸಿ ಪ್ಲಸ್ ಪ್ಲಸ್ ತಂತ್ರಾಂಶ ಬಹುಕಾಲದಿಂದ ಮಾಡಿಕೊಂಡು ಬಂದಿದೆ. ಫಾಂಟಿನ ಕಡತದಲ್ಲಿರುವ ಕೋಷ್ಟಕಗಳನ್ನು ಅದು ನಕಲು ಮಾಡಿಕೊಳ್ಳುವುದಿಲ್ಲ. ಕಡತದ ಬರಿಯ ಬೈಟುಗಳ ವಿಳಾಸವನ್ನೇ ‘ಇದು ಇಂಥ ಕೋಷ್ಟಕ’ ಎಂದು ಬಗೆ ಬದಲಿಸಿ ನೇರವಾಗಿ ಓದುತ್ತದೆ. ನಾವು ಹೆದರಬೇಕೆಂದು ಈವರೆಗೆ ಹೇಳಿದ ಕೆಲಸ ಇದೇ ಅಲ್ಲವೆ? ಆದರೆ ಓದುವ ಮೊದಲು ಅದು ಕೋಷ್ಟಕವನ್ನು ಶೋಧಿಸುವ ಒಂದು ಹಂತವನ್ನಿಟ್ಟುಕೊಂಡಿದೆ. ಕೋಷ್ಟಕದಲ್ಲಿ ಹೇಳಿದ ಉದ್ದ ಕಡತದೊಳಗೇ ಇದೆಯೆ, ಒಳಗಿನ ಕೈಮರಗಳು ಕಡತದ ಎಲ್ಲೆಯನ್ನು ದಾಟುತ್ತವೆಯೆ ಎಂದು ನೋಡುತ್ತದೆ. ಶೋಧನೆಯಲ್ಲಿ ಸೋತ ಕೋಷ್ಟಕವನ್ನು ಬಿಟ್ಟುಬಿಡುತ್ತದೆ. ಫಾಂಟು ಯಾರೋ ಅಪರಿಚಿತರು ಕೊಟ್ಟದ್ದಾಗಿರಬಹುದೆಂಬ ಎಚ್ಚರ ಅಲ್ಲಿದೆ. ಬಗೆಯನ್ನು ಬದಲಿಸಿದರೂ ಅದು ಏರಿ ಒಡೆದದ್ದಲ್ಲ, ತೂಬೆತ್ತಿದ್ದು.

ನಾನು ಹೇಳಬೇಕೆಂದಿರುವ ಒಂದೇ ಮಾತು ಇದು: ಕಾವಲನ್ನು ದಾಟುವುದು ದೋಷವಲ್ಲ, ಸದ್ದಿಲ್ಲದೆ ದಾಟುವುದು ದೋಷ. ದಾಟುವ ಸ್ಥಳ ಚಿಕ್ಕದಾಗಿರಬೇಕು, ಹೆಸರಿಟ್ಟದ್ದಾಗಿರಬೇಕು, ಕಾರಣ ಬರೆದಿರಬೇಕು, ಇನ್ನೊಬ್ಬನು ಓದಿರಬೇಕು.

ಈ ಮಾತನ್ನು ಒರೆಗೆ ಹಚ್ಚಲು ಮೂರು ಭಾಷೆಗಳ ರೀತಿಯನ್ನು ಹೋಲಿಸಿ ನೋಡಬಹುದು. ಡೆನ್ನಿಸ್ ರಿಚಿ ಬೆಲ್ ಪ್ರಯೋಗಾಲಯದಲ್ಲಿ 1972ರ ಸುಮಾರಿಗೆ ರೂಪಿಸಿದ ಸಿ ಭಾಷೆಯಲ್ಲಿ ಕಾವಲು ದಾಟಲು ಎರಡು ಆವರಣಗಳೂ ಒಂದು ನಕ್ಷತ್ರ ಚಿಹ್ನೆಯೂ ಸಾಕು. ಸಾವಿರಾರು ಸಾಲುಗಳ ನಡುವೆ ಅದು ಕಣ್ಣಿಗೇ ಬೀಳದು. ಅಮೆರಿಕದ ರಕ್ಷಣಾ ಇಲಾಖೆಗಾಗಿ ರೂಪುಗೊಂಡು 1983ರಲ್ಲಿ ಪ್ರಮಾಣಿತವಾದ ಏಡಾ ಭಾಷೆಯಲ್ಲಿ ಅದೇ ಕೆಲಸಕ್ಕೆ ‘ಅನ್‌ಚೆಕ್ಡ್ ಕನ್ವರ್ಷನ್’, ಎಂದರೆ ಪರೀಕ್ಷಿಸದ ಮಾರ್ಪಾಡು, ಎಂದು ಪೂರ್ಣ ಹೆಸರಿನಿಂದ ಕರೆಯಬೇಕು. ಅದನ್ನು ಬಳಸುವೆನೆಂದು ಪ್ರೋಗ್ರಾಮಿನ ತಲೆಯಲ್ಲಿಯೇ ಸಾರಬೇಕು. 2015ರ ಮೇ ತಿಂಗಳಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಿ ಬರಿಯ ಪಾಯಿಂಟರನ್ನು ಮಾಡಿಕೊಳ್ಳಲು ಅಡ್ಡಿಯಿಲ್ಲ. ಅದು ತೋರುವ ಜಾಗವನ್ನು ಮುಟ್ಟಬೇಕಾದರೆ ‘ಅನ್‌ಸೇಫ್’ ಎಂಬ ಶಬ್ದವನ್ನು ಬರೆದು, ಅದರ ಆವರಣದೊಳಗೇ ಮುಟ್ಟಬೇಕು. ಆ ಶಬ್ದ ಬರೆದೊಡನೆ ಎಲ್ಲ ಕಾವಲೂ ಹೋಗುವುದೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಕೆಲವೇ ಹೆಚ್ಚಿನ ಅಧಿಕಾರಗಳು ಸಿಗುತ್ತವೆ, ಉಳಿದ ಪರೀಕ್ಷೆಗಳು ಹಾಗೆಯೇ ನಡೆಯುತ್ತವೆ.

ನಮ್ಮ ನಾಡಿನಲ್ಲಿಯೇ ಇದರ ಮಹತ್ವವನ್ನು ಅರಿತು ಕೆಲಸಮಾಡಿದವರಿದ್ದಾರೆ. ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4 ರಂದು ಅಲ್ಲಿಯೇ ಮೊದಲ ಸಲ ಹಾರಿದ ಲಘು ಯುದ್ಧವಿಮಾನ, ಮುಂದೆ ತೇಜಸ್ ಎಂದು ಹೆಸರಾದದ್ದು, ಗಣಕಯಂತ್ರದ ನೆರವಿಲ್ಲದೆ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲಲಾರದಂತೆ ರಚಿತವಾದದ್ದು. ಅದರ ಹಾರಾಟವನ್ನು ನಿಯಂತ್ರಿಸುವ ನಾಲ್ಕು ಪಟ್ಟಿನ ಗಣಕವ್ಯವಸ್ಥೆಯ ಪ್ರೋಗ್ರಾಮುಗಳನ್ನು ಏಡಾ ಭಾಷೆಯ ಒಂದು ಸುರಕ್ಷಿತ ಉಪಭಾಗದಲ್ಲಿ ಬರೆದರು. ಇಡೀ ಏಡಾ ಭಾಷೆಯೂ ಅವರಿಗೆ ಬೇಡವಾಯಿತು. ಅದರೊಳಗಿನ ಸುರಕ್ಷಿತ ಭಾಗವನ್ನಷ್ಟೇ ಆರಿಸಿಕೊಂಡರು. ಭಾಷೆ ಎಲ್ಲ ಆಪತ್ತನ್ನೂ ತಡೆಯದು. ತಪ್ಪು ಲೆಕ್ಕವನ್ನು ಸರಿಯಾದ ಬಗೆಯಲ್ಲಿ ಬರೆದರೆ ಅದು ತಪ್ಪಾಗಿಯೇ ಇರುತ್ತದೆ. ಆದರೆ ಆಕಾಶದಲ್ಲಿ ಒಬ್ಬ ಮನುಷ್ಯನನ್ನು ಕೂರಿಸುವಾಗ, ತಡೆಯಬಹುದಾದ ತಪ್ಪನ್ನು ತಡೆಯದೆ ಬಿಡುವ ಹಕ್ಕು ತಮಗಿಲ್ಲವೆಂದು ಅವರು ಬಗೆದರು.

ಈಗ ಎದುರು ವಾದಗಳಿಗೆ ಬರೋಣ. ಮೊದಲನೆಯದು ವೇಗದ ವಾದ. ಪ್ರತಿಯೊಂದು ಸಲವೂ ಎಲ್ಲೆಯನ್ನು ಪರೀಕ್ಷಿಸಿದರೆ ಪ್ರೋಗ್ರಾಂ ನಿಧಾನವಾಗುವುದೆಂದು ಹೇಳುತ್ತಾರೆ. ಇದಕ್ಕೆ ಹಳೆಯದೊಂದು ಉತ್ತರವಿದೆ. 1960ರ ದಶಕದ ಆರಂಭದಲ್ಲಿ ಟೋನಿ ಹೋರ್ ಇಂಗ್ಲೆಂಡಿನ ಎಲಿಯಟ್ ಸಂಸ್ಥೆಯ ಯಂತ್ರಕ್ಕೆ ಆಲ್ಗಾಲ್ ಭಾಷೆಯ ಕಂಪೈಲರನ್ನು ಬರೆದಾಗ, ಸಾಲಿನ ಎಲ್ಲೆಯನ್ನು ಪ್ರತಿಸಲವೂ ಪರೀಕ್ಷಿಸುವಂತೆ ಮಾಡಿದರು. ವರ್ಷಗಳ ಮೇಲೆ, ವೇಗಕ್ಕಾಗಿ ಈ ಪರೀಕ್ಷೆಯನ್ನು ನಿಲ್ಲಿಸುವ ಅನುಕೂಲ ಬೇಕೆ ಎಂದು ಗಿರಾಕಿಗಳನ್ನು ಕೇಳಿದರೆ ಎಲ್ಲರೂ ಬೇಡವೆಂದರಂತೆ. ತಮ್ಮ ಪ್ರೋಗ್ರಾಮುಗಳಲ್ಲಿ ಎಷ್ಟು ತಪ್ಪುಗಳು ಸಿಕ್ಕಿಬೀಳುತ್ತಿವೆಯೆಂದು ಅವರು ಕಂಡಿದ್ದರು. ಅಂದಿನ ಯಂತ್ರಗಳ ವೇಗ ಇಂದಿನ ಅಗ್ಗದ ಫೋನಿನ ಮುಂದೆ ಏನೂ ಅಲ್ಲ. ಆ ಜನ ಅಂದು ಕೊಡಲೊಪ್ಪಿದ ಬೆಲೆಯನ್ನು ನಾವು ಇಂದು ದುಬಾರಿಯೆನ್ನುವುದು ಸೋಜಿಗ. ನಿಜವಾಗಿಯೂ ವೇಗ ಬೇಕಾದ ಸ್ಥಳಗಳಿವೆ. ಆದರೆ ಅಳೆದು ತೋರಿಸಿದ ಮೇಲೆ ಮಾತ್ರ ಆ ವಾದಕ್ಕೆ ಬೆಲೆ.

ಎರಡನೆಯದು ಅನುಭವದ ವಾದ. ನುರಿತವನಿಗೆ ಕಾವಲೇಕೆ ಎನ್ನುತ್ತಾರೆ. ಮೇಲೆ ಹೇಳಿದ 70 ಭಾಗದ ದೋಷಗಳನ್ನು ಬರೆದವರು ಹೊಸಬರಲ್ಲ. ಜಗತ್ತಿನ ದೊಡ್ಡ ಸಂಸ್ಥೆಗಳಲ್ಲಿ ಆರಿಸಿ ತೆಗೆದ ನುರಿತವರು. ಅದೂ ಅಲ್ಲದೆ, ಒಬ್ಬನು ಬರೆದುದನ್ನು ಹತ್ತು ವರ್ಷಗಳ ಮೇಲೆ ಇನ್ನೊಬ್ಬನು ತಿದ್ದುತ್ತಾನೆ. ಮೊದಲನೆಯವನ ಮನಸ್ಸಿನಲ್ಲಿದ್ದ ಎಚ್ಚರ ಎರಡನೆಯವನಿಗೆ ಕಾಗದದ ಮೇಲೆ ಸಿಗದಿದ್ದರೆ, ಅದು ಇದ್ದೂ ಇಲ್ಲದಂತೆ.

ಮೂರನೆಯದು ನಿಜವಾಗಿ ಯೋಚಿಸತಕ್ಕದ್ದು. ಹೆಸರಿಟ್ಟು ದಾಟಿದರೆ ಮಾತ್ರ ಅಪಾಯ ಹೋಗುತ್ತದೆಯೆ? ಹೋಗದು. 2022ರ ಡಿಸೆಂಬರಿನಲ್ಲಿ ಹೊರಬಂದ 6.1 ನೆಯ ಆವೃತ್ತಿಯಿಂದ ಲಿನಕ್ಸ್ ತಿರುಳಿಗೆ ರಸ್ಟ್ ಭಾಷೆ ಪ್ರವೇಶಿಸಿತು. ಅಲ್ಲಿ ಪ್ರತಿಯೊಂದು ಅನ್‌ಸೇಫ್ ಖಂಡದ ಮೇಲೆಯೂ ಅದು ಏಕೆ ಸರಿಯೆಂದು ‘ಸೇಫ್ಟಿ’ ಟಿಪ್ಪಣಿ ಬರೆಯಬೇಕೆಂಬ ನಿಯಮವಿದೆ. ಹೀಗಿದ್ದೂ 2025ರ ಡಿಸೆಂಬರಿನಲ್ಲಿ ಆಂಡ್ರಾಯ್ಡಿಗೆ ಸಂಬಂಧಿಸಿದ ಬೈಂಡರ್ ಎಂಬ ಭಾಗದ ರಸ್ಟ್ ರೂಪದಲ್ಲಿ ಒಂದು ದೋಷ ಪ್ರಕಟವಾಯಿತು. ಅನ್‌ಸೇಫ್ ಖಂಡದ ಮೇಲೆ ಟಿಪ್ಪಣಿ ಇದ್ದೇ ಇತ್ತು. ಟಿಪ್ಪಣಿಯ ಆಶ್ವಾಸನೆ ಒಂದು ಸಂದರ್ಭವನ್ನು ಮರೆತಿತ್ತು. ಇದು ರಸ್ಟ್ ಭಾಷೆಯ ಸೋಲೆಂದು ಕೆಲವರು ನಕ್ಕರು. ನನಗೆ ಇದರಲ್ಲಿ ಕಾಣುವ ಪಾಠ ಬೇರೆ. ತೂಬೂ ಸೋರಬಹುದು, ಆದರೆ ಎಲ್ಲಿ ಸೋರುವುದೆಂದು ಹುಡುಕಲು ಇಡೀ ಏರಿಯನ್ನು ತಡಕಬೇಕಾಗಿಲ್ಲ. ಬರೆದಿಟ್ಟ ಮಾತು ತಪ್ಪಾಗಿದ್ದರೆ ತಪ್ಪೆಂದು ತೋರಿಸಬಹುದು, ತಿದ್ದಬಹುದು. ಬರೆಯದೆ ಬಿಟ್ಟ ಮಾತನ್ನು ತಿದ್ದುವವರಾರು? ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಹೊಸ ಕೆಲಸವನ್ನು ಹೆಚ್ಚುಹೆಚ್ಚಾಗಿ ಕಾವಲಿರುವ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ, ಭದ್ರತಾದೋಷಗಳಲ್ಲಿ ಸ್ಮೃತಿದೋಷಗಳ ಪಾಲು 2019ರಲ್ಲಿ ಶೇಕಡ 76 ಇದ್ದುದು 2024ರಲ್ಲಿ 24ಕ್ಕೆ ಇಳಿಯಿತೆಂದು ಗೂಗಲ್ ಹೇಳಿದೆ. ಪೂರ್ತಿ ಇಲ್ಲವಾಗಲಿಲ್ಲ, ಆದರೂ ಇಳಿಕೆ ಸಣ್ಣದಲ್ಲ.

ಇನ್ನು ನಮ್ಮ ಅಭ್ಯಾಸದ ಮಾತು. ಬಿ.ಸಿ.ಎ. ತರಗತಿಗಳಲ್ಲಿ ಸಿ ಭಾಷೆಯನ್ನು ಕಲಿಸುವುದು ರೂಢಿ. ಆ ರೂಢಿ ಒಳ್ಳೆಯದೇ; ಯಂತ್ರದ ಒಳಗು ಹೇಗಿದೆಯೆಂದು ಪಾಯಿಂಟರು ತಿಳಿಸಿದಂತೆ ಬೇರೊಂದು ತಿಳಿಸದು. ಆದರೆ ಕಂಪೈಲರು ಎಚ್ಚರಿಕೆ ಕೊಟ್ಟಾಗ ಒಂದು ಕಾಸ್ಟ್ ಹಾಕಿ ಅದರ ಬಾಯಿ ಮುಚ್ಚಿಸಿ, ಉತ್ತರ ಬಂದರೆ ಸಾಕೆಂದು ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವ ಚಾಳಿ ವಿದ್ಯಾರ್ಥಿಗಳಲ್ಲಿ ಸುಲಭವಾಗಿ ಬೆಳೆಯುತ್ತದೆ. ಎಚ್ಚರಿಕೆಯೆಂದರೆ ಬಾಗಿಲಿನಲ್ಲಿ ನಿಂತ ಕಾವಲುಗಾರನ ಪ್ರಶ್ನೆ. ಕಾಸ್ಟ್ ಎಂದರೆ ‘ಇದಕ್ಕೆ ನಾನು ಜವಾಬ್ದಾರ’ ಎಂಬ ಮುಚ್ಚಳಿಕೆ. ಓದದೆ ಮುಚ್ಚಳಿಕೆಗೆ ರುಜು ಹಾಕುವವನನ್ನು ನಾವು ಜಾಣನೆನ್ನುತ್ತೇವೆಯೆ?

ಆದುದರಿಂದ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ಪ್ರಯೋಗಶಾಲೆಯಲ್ಲಿ ಕಂಪೈಲರಿನ ಎಚ್ಚರಿಕೆಗಳೆಲ್ಲ ಕಾಣುವಂತೆ ಇಟ್ಟು, ಒಂದೊಂದಕ್ಕೂ ಉತ್ತರ ಹೇಳಿದ ಮೇಲೆಯೇ ಪ್ರೋಗ್ರಾಮನ್ನು ಒಪ್ಪಬೇಕು. ಬಗೆ ಬದಲಿಸಿದ ಪ್ರತಿಯೊಂದು ಸಾಲಿನ ಮೇಲೆಯೂ ಅದು ಏಕೆ ಸರಿಯೆಂದು ಒಂದು ವಾಕ್ಯವನ್ನು, ಕನ್ನಡದಲ್ಲಾದರೂ ಸರಿ, ಬರೆಯಬೇಕು. ವಾಕ್ಯ ಹೊಳೆಯದಿದ್ದರೆ ಕಾಸ್ಟನ್ನೇ ಅಳಿಸಬೇಕು. ಅಂತಹ ಸಾಲುಗಳನ್ನು ಎಲ್ಲೆಡೆ ಚೆಲ್ಲದೆ ಒಂದು ಕಡೆ ಕೂಡಿಸಿಟ್ಟು, ಪಕ್ಕದಲ್ಲಿ ಕೂತ ಗೆಳೆಯನಿಗೆ ಓದಲು ಕೊಡಬೇಕು. ಪರೀಕ್ಷಿಸುವಾಗ ರಾಮ, ಸೀತೆ ಎಂದು ಇಂಗ್ಲಿಷಿನಲ್ಲಿ ಬರೆದು ತೃಪ್ತರಾಗದೆ, ನಮ್ಮ ಊರಿನ ಹೆಸರನ್ನು ನಮ್ಮ ಲಿಪಿಯಲ್ಲಿಯೇ ಬರೆದು ನೋಡಬೇಕು. ಇದಕ್ಕೆ ಹೊಸ ಯಂತ್ರಗಳು ಬೇಡ, ಸರ್ಕಾರದ ಅನುದಾನವೂ ಬೇಡ.

ನಿಯಮಗಳಿರುವ ಕಡೆಯೆಲ್ಲ ಅವುಗಳನ್ನು ಮೀರಬೇಕಾದ ಸಂದರ್ಭವೂ ಬರುತ್ತದೆ. ಕಚೇರಿಯಲ್ಲಿ ಬರುತ್ತದೆ, ನ್ಯಾಯಾಲಯದಲ್ಲಿ ಬರುತ್ತದೆ, ಮನೆಯಲ್ಲಿಯೂ ಬರುತ್ತದೆ. ಆಗ ಮೀರಿದವನು ಎಲ್ಲರ ಎದುರಿಗೆ ಕಾರಣ ಹೇಳಿ, ಅದರ ಹೊಣೆ ಹೊತ್ತು ಮೀರಿದನೆ ಎಂದು ನಾವು ಕೇಳುತ್ತೇವೆ. ಪ್ರೋಗ್ರಾಂ ಬರೆಯುವವನನ್ನೂ ಅದನ್ನೇ ಕೇಳಬೇಕು. ಅವನ ಬರಹವನ್ನು ಓದುವವರು ಕಡಮೆ. ಅದರ ಮೇಲೆ ಬಾಳುವವರು ಲಕ್ಷಾಂತರ ಮಂದಿ. ಓದಲಾರದ ಆ ಜನ ಅವನ ಮೇಲೆ ಇಟ್ಟಿರುವ ವಿಶ್ವಾಸಕ್ಕೆ ಒಂದು ಸಾಲಿನ ಕಾರಣವಾದರೂ ಪ್ರತಿಫಲವಾಗಿ ಸಲ್ಲಬೇಡವೆ?